ಹೊಗೆ ಪೆಟ್ಟಿಗೆಯ ಕೆಂಪು ಅಂಕಿ

ನಮ್ಮ ಮನೆಯ ಹೊಗೆ ಪೆಟ್ಟಿಗೆಯ ಪಕ್ಕದ ಗೋಡೆಯ ಮೇಲೆ ಕೆಂಪಗೆ ಹೊಳೆಯುತ್ತ ನಿಂತಿರುವ ಎಪ್ಪತ್ತೆರಡು ಅನ್ನುವ ಅಂಕಿ ನನ್ನದು. ನನ್ನ ಕೈ ಹೇಳಿದ್ದು, ನನ್ನ ಮೊಮ್ಮಗಳು ಒತ್ತಿದ್ದು. ಹಾಲಿನ ಡೈರಿಯ ಸಾಲಿನಲ್ಲಿ ನಿಂತವರಿಗೆಲ್ಲ ಇದನ್ನು ಹೇಳಿದ್ದಾಯಿತು, ಹೂವಿನವಳಿಗೆ ಹೇಳಿದ್ದಾಯಿತು, ಕರೆಂಟಿನ ಮೀಟರ್ ನೋಡಲು ಬಂದವನನ್ನೂ ನಿಲ್ಲಿಸಿಕೊಂಡು ಹೇಳಿದೆ. ಅವನು, "ಆಯ್ತಜ್ಜಿ, ಮೀಟ್ರು ಯಾವ ಕಡೆಗೈತೆ ತೋರ್ಸಿ" ಅಂದ. ಪಾಪ, ಅವನಿಗೆ ಅವನ ಅಂಕಿಯ ಚಿಂತೆ.

ಇಷ್ಟು ಸಂತೋಷ ಪಡುತ್ತಿರುವ ನಾನು, ಅದೇ ಅಂಕಿ ತೋರಿಸುವ ಡಬ್ಬಿಯ ಮೇಲೆ ಪಟ್ಟಷ್ಟು ಹೊಟ್ಟೆಕಿಚ್ಚನ್ನು ಈ ಜನ್ಮದಲ್ಲಿ ಇನ್ನು ಯಾರ ಮೇಲೂ ಪಟ್ಟಿಲ್ಲ. ಅಲ್ಲ, ಇನ್ನೊಬ್ಬರ ಮೇಲೆ ಪಟ್ಟಿದ್ದೇನೆ. ಅವರು ನನ್ನ ಬೀಗಿತ್ತಿ, ಸೊಸೆಯ ತಾಯಿ. ಆ ಡಬ್ಬಿಯನ್ನು ತಂದುಕೊಟ್ಟವರೇ ಅವರು. ಆದ್ದರಿಂದ ಎರಡನ್ನೂ ಒಂದೇ ಹೊಟ್ಟೆಕಿಚ್ಚು ಎಂದು ಲೆಕ್ಕ ಹಿಡಿದರೂ ನಡೆಯುತ್ತದೆ.

ನಮ್ಮದು ಚನ್ನಪಟ್ಟಣ ತಾಲ್ಲೂಕು, ವಿರೂಪಾಕ್ಷಿಪುರದ ಕಡೆ. ನಾನು ಸೊಸೆಯಾಗಿ ಈ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಮಣ್ಣಿನ ಒಲೆಯಿತ್ತು, ಒಲೆಯ ಮೇಲೆ ಬಿದಿರಿನ ಗಳ ಕಟ್ಟಿತ್ತು. ಹಬ್ಬಕ್ಕೆ ಮರಿ ಕುಯ್ದರೆ ಮಿಕ್ಕ ಬಾಡನ್ನು ಉದ್ದುದ್ದ ಸೀಳಿ, ಉಪ್ಪು ಅರಿಶಿನ ತಿಕ್ಕಿ, ದಾರಕ್ಕೆ ಪೋಣಿಸಿ ಆ ಗಳಕ್ಕೆ ನೇತು ಹಾಕುತ್ತಿದ್ದೆ. ಹಗಲು ಬಿಸಿಲು ಕಾಣಿಸಿ, ಮಿಕ್ಕ ಹೊತ್ತೆಲ್ಲ ಹೊಗೆ. ಅದಕ್ಕೆ ಉಪ್ಪುಕಂಡ ಅನ್ನುತ್ತೇವೆ. ಮಳೆಗಾಲದಲ್ಲಿ ಎರಡು ತುಂಡು ಕೆಂಡದ ಮೇಲೆ ಸುಟ್ಟು ಜಜ್ಜಿ ಹುರುಳಿ ಸಾರಿಗೆ ಹಾಕಿದರೆ ಪಕ್ಕದ ಬೀದಿಯವರು ಏನೋ ಕೇಳುವ ನೆಪದಲ್ಲಿ ಒಳಗೆ ಬಂದು ಕೂರುತ್ತಿದ್ದರು. ನನ್ನ ಅತ್ತೆ ಬದುಕಿದ್ದಷ್ಟು ದಿನ ನನ್ನ ಅಡುಗೆಗೆ ಒಂದು ಒಳ್ಳೆಯ ಮಾತು ಆಡಿದವರಲ್ಲ. ಆದರೆ ಉಪ್ಪುಕಂಡ ಹಾಕುವ ದಿನ ಮಾತ್ರ ತಾವೇ ಎದ್ದು ಒಲೆಯ ಮುಂದಿನ ಮಣೆ ಬಿಟ್ಟುಕೊಡುತ್ತಿದ್ದರು. ನನಗೆ ಅಷ್ಟು ಸಾಕಾಗಿತ್ತು.

ಬಿಸಿ ನೋಡುವುದಕ್ಕೆ ನನ್ನ ಹತ್ತಿರ ಕೈ ಬಿಟ್ಟರೆ ಬೇರೇನೂ ಇರಲಿಲ್ಲ. ಬಾಡು ತೂಗುವ ಎತ್ತರಕ್ಕೆ ಅಂಗೈ ಹಿಡಿಯಬೇಕು. ಒಂದೆರಡು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಕೈ ತಾನಾಗಿ ಹಿಂದಕ್ಕೆ ಬರಬೇಕು. ಬೆಚ್ಚಿ ಎಳೆದುಕೊಂಡರೆ ಉರಿ ಜಾಸ್ತಿಯಾಯಿತು, ಸೌದೆ ಹಿಂದಕ್ಕೆ ಎಳೆ. ಕೈ ಅಲ್ಲೇ ಸುಖವಾಗಿ ಕೂತಿದ್ದರೆ ಉರಿ ಸಾಲದು, ಮುಂದಕ್ಕೆ ತಳ್ಳು.

ಹೊಸ ಮನೆ ಕಟ್ಟಿದಾಗ ಗ್ಯಾಸು ಬಂತು, ಗೋಡೆಗೆ ಬಿಳಿ ಟೈಲ್ಸು ಬಂತು. "ಟೈಲ್ಸ್ ಕಪ್ಪಾಯ್ತದೆ ಕಣವ್ವ, ಒಳಗೆ ಹೊಗೆ ಬ್ಯಾಡ" ಅಂದ ಮಗ. ಗಳ ದನದ ಕೊಟ್ಟಿಗೆ ಸೇರಿತು. ನನ್ನ ಉಪ್ಪುಕಂಡವೂ ಅಲ್ಲಿಗೆ ನಿಂತಿತು. ನಾನು ಆಗಾಗ ಅದರ ಮಾತೆತ್ತುತ್ತಿದ್ದೆ. ಯಾರೂ ಕೇಳಿಸಿಕೊಳ್ಳುತ್ತಿಲ್ಲ ಅಂದುಕೊಂಡಿದ್ದೆ. ಮೊಮ್ಮಗಳು ಕೇಳಿಸಿಕೊಳ್ಳುತ್ತಿದ್ದಳು.

ಅವಳು ಬಿಡದಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾಳೆ. ಮಿಷಿನ್ನುಗಳಿಗೆ ಕರೆಂಟಿನ ಬೋರ್ಡು ಜೋಡಿಸುವ ಕೆಲಸ. ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತಾಳೆ. ಹೋದ ವರ್ಷ ಅವಳ ಜೊತೆಯವರ ಕಡೆಯಿಂದ, ಮುಚ್ಚಿಹೋದ ಯಾವುದೋ ರೆಸಾರ್ಟಿನ ಸಾಮಾನು ಮಾರುತ್ತಿದ್ದಾರೆ ಎಂದು ತಿಳಿದು, ಒಂದು ಕರಿ ಪೆಟ್ಟಿಗೆಯನ್ನು ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಬಂದಳು. ನನ್ನ ಸೊಂಟದೆತ್ತರ, ಚಿಕ್ಕ ಫ್ರಿಡ್ಜಿನ ಹಾಗೆ ಬಾಗಿಲು. ಒಳಗೆ ಕಂಬಿಯ ತಟ್ಟೆಗಳು, ತಳದಲ್ಲಿ ಕರೆಂಟಿನ ಕಾಯಿಲು, ಅದರ ಮೇಲೆ ಕಟ್ಟಿಗೆ ಚೂರು ಹಾಕುವ ಒಂದು ತಗಡಿನ ಬಟ್ಟಲು.

"ಅಜ್ಜೀ, ಇದು ಸ್ಮೋಕರು. ಹಿತ್ತಿಲಲ್ಲಿ ಇಕ್ಕೊ. ಟೈಲ್ಸೂ ಇಲ್ಲ, ಅಪ್ಪನ ಕಾಟಾನೂ ಇಲ್ಲ" ಅಂದಳು.

ನನಗೋಸ್ಕರ ತಂದಿದ್ದಳು! ಎಷ್ಟು ಹಿಗ್ಗಿದೆ ಅಂದರೆ, ಅವತ್ತು ನೀರು ತರುವ ನೆಪ ಮಾಡಿಕೊಂಡು ಬೀದಿಯ ಎರಡೂ ತುದಿ ಮುಟ್ಟಿ ಬಂದೆ. ನಮ್ಮ ಮನೆಯಲ್ಲೇ ನಲ್ಲಿ ಇದೆ ಅನ್ನುವುದು ಊರಿಗೆಲ್ಲ ಗೊತ್ತು.

ಆದರೆ ಪೆಟ್ಟಿಗೆಯ ಬುದ್ಧಿ ಸರಿಯಿರಲಿಲ್ಲ. ಅದಕ್ಕೊಂದು ತಿರುಗಿಸುವ ನಾಬ್ ಇತ್ತು, ಅದರಲ್ಲಿ ಕಮ್ಮಿ, ಮಧ್ಯ, ಜೋರು ಎಂದು ಮೂರೇ ಗೆರೆ. ಕಮ್ಮಿಗೆ ಇಟ್ಟರೆ ಚೂರು ಹೊಗೆಯಾಡುವುದೇ ಇಲ್ಲ. ಮಧ್ಯಕ್ಕೆ ಇಟ್ಟರೆ ಒಮ್ಮೆ ತಣ್ಣಗೆ ಕೂತು, ನಾನು ಆ ಕಡೆ ತಿರುಗಿದ ಕೂಡಲೇ ಭಗ್ಗನೆ ಏರಿಬಿಡುತ್ತಿತ್ತು. ಕೆಳಗಿನ ತಟ್ಟೆ ಇದ್ದಿಲು, ಮೇಲಿನ ತಟ್ಟೆ ಹಸಿ. ನಾನು ಬಾಗಿಲು ತೆಗೆದು ಕೈ ಹಿಡಿದು ನೋಡಿ ಹಾಕುವಷ್ಟರಲ್ಲಿ ಇದ್ದ ಬಿಸಿಯೂ ಹೊರಗೆ. ನಮ್ಮ ಯಜಮಾನರು ಜಗಲಿಯ ಮೇಲೆ ಕೂತು, "ಏನಮ್ಮಿ, ನಿನ್ ಪೆಟ್ಗೆ ಬಾಡು ಬೇಯಿಸ್ತದೋ, ನಿನ್ನೇ ಬೇಯಿಸ್ತದೋ?" ಅಂತ ಕೇಳುತ್ತಿದ್ದರು.

ಮೊಮ್ಮಗಳು ಒಂದು ಭಾನುವಾರ ಅದರ ಹಿಂದೆ ಮುಂದೆ ನೋಡಿ, "ಇದಕ್ಕೆ ಡಿಜಿಟಲ್ ಟೆಂಪರೇಚರ್ ಕಂಟ್ರೋಲರ್ ಕೂರಿಸಬೇಕು ಕಣಜ್ಜಿ. ಎಷ್ಟು ಬಿಸಿ ಬೇಕು ಅಂತ ಅಂಕಿ ಒತ್ತಿದ್ರೆ ಅಷ್ಟಕ್ಕೇ ನಿಲ್ಲಿಸ್ತದೆ. ಜಾಸ್ತಿ ಆದ್ರೆ ತಾನೇ ಆಫ್ ಮಾಡ್ತದೆ, ಕಮ್ಮಿ ಆದ್ರೆ ತಾನೇ ಆನ್ ಮಾಡ್ತದೆ" ಅಂದಳು.

"ಅದು ತಾನೇ ಮಾಡಿದ್ರೆ ನಾನೇನ್ ಮಾಡ್ಲಿ?" ಅಂದೆ.

"ನೀನು ಆರಾಮಾಗಿ ಕೂತ್ಕೊ."

ಅವಳು ಪ್ರೀತಿಯಿಂದಲೇ ಅಂದಳು. ನನಗೆ ಚುಚ್ಚಿತು.

ಈ ಮಾತು ಸೊಸೆಯ ಫೋನಿನಲ್ಲಿ ಹರಿದು ಕನಕಪುರ ಮುಟ್ಟಿತು. ನನ್ನ ಬೀಗಿತ್ತಿಯ ಊರು ಕನಕಪುರದ ಹತ್ತಿರ. ಅವರದು ಚಾಕಿ ಮನೆ. ಮೊಟ್ಟೆಯೊಡೆದ ರೇಷ್ಮೆ ಹುಳವನ್ನು ಮೊದಲ ಎರಡು ಜ್ವರ ಮುಗಿಸಿ, ಅಂದರೆ ಎರಡು ಸಲ ಪೊರೆ ಬಿಟ್ಟು ಏಳುವ ತನಕ ಸಾಕಿ, ಆಮೇಲೆ ರೈತರಿಗೆ ಕೊಡುತ್ತಾರೆ. ಎಳೆ ಹುಳಕ್ಕೆ ಬಿಸಿ ಏರಬಾರದು, ಇಳಿಯಬಾರದು, ಗಾಳಿಯ ತೇವವೂ ಆರಬಾರದು. ಅದಕ್ಕೆ ಅವರ ಮನೆಯಲ್ಲಿ ಇಂಥ ಅಂಕಿ ಡಬ್ಬಿಗಳು ಗೋಡೆ ಗೋಡೆಗೂ ಇವೆ. ದೊಡ್ಡದೊಂದನ್ನು ಹೊಸದಾಗಿ ಹಾಕಿಸಿಕೊಂಡಿದ್ದರಿಂದ ಹಳೆಯದೊಂದು ಮಿಕ್ಕಿತ್ತು.

ಅದನ್ನು ಹೊತ್ತುಕೊಂಡು ಯುಗಾದಿಗೆ ನಾಲ್ಕು ದಿನ ಮುಂಚೆಯೇ ಬಂದಿಳಿದರು. ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನುದ್ದಕ್ಕೂ ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದರಂತೆ, ಬಾಣಂತನ ಮುಗಿಸಿ ಕೂಸು ಕರೆದುಕೊಂಡು ಬಂದವರ ಹಾಗೆ. ಬಿಚ್ಚಿದರೆ ನನ್ನ ಅಂಗೈಯಷ್ಟೂ ಇಲ್ಲ. ಅದರ ಹಿಂದಿನಿಂದ ಒಂದು ಉದ್ದನೆಯ ವೈರು, ವೈರಿನ ತುದಿಯಲ್ಲಿ ಬೀಡಿಗಿಂತ ಸಣ್ಣದೊಂದು ಉಕ್ಕಿನ ಕಡ್ಡಿ. ಸೆನ್ಸಾರ್ ಅಂತೆ. ಬಿಸಿ ತಿಳಿಯುವುದು ಆ ಕಡ್ಡಿಗೆ.

"ನೋಡಕ್ಕ," ಅಂದರು ಬೀಗಿತ್ತಿ ನನಗೆ, "ಇದು ಇಲ್ಲಿಗಂಟ ಬಾಡಿನ ವಾಸ್ನೆ ಕಂಡಿಲ್ಲ. ಹುಳಕ್ಕೆ ವಾಸ್ನೆ ಆಗಕ್ಕಿಲ್ಲ, ನಾನೂ ಬಾಡು ತಿಂದ ದಿನ ಮಿಂದು ಸೀರೆ ಬದಲಾಯಿಸ್ದೆ ಒಳಕ್ಕೆ ಕಾಲಿಕ್ಕಲ್ಲ. ಇಂಥದ್ನ ನಿಮ್ಮ ಹೊಗೇಲಿ ಹಾಕಕ್ಕೆ ಕೊಡ್ತಾ ಇವ್ನಿ. ಮೊಮ್ಮಗಳು ಕೇಳುದ್ಲು ಅಂತ."

"ಕೇಳಿದ್ದು ಅವಳಾ, ಅವಳ ಅವ್ವನಾ?" ಅಂದೆ.

"ಯಾರಾದ್ರೇನಕ್ಕ, ಕೊಟ್ಟಿದ್ದು ನಾನು ತಾನೆ" ಅಂದರು, ನಗುನಗುತ್ತಾ.

ಮೊಮ್ಮಗಳು ಸಂಜೆ ರೈಲಿಳಿದು ಬಂದವಳು ಆ ಡಬ್ಬಿ ನೋಡಿ, ಬ್ಯಾಗನ್ನು ಬಾಗಿಲಲ್ಲೇ ಬಿಸಾಕಿ ಅವರನ್ನು ತಬ್ಬಿಕೊಂಡಳು. "ಕನಕಪುರದಜ್ಜೀ, ನೀನು ಸೂಪರ್!" ಎಂದಳು. ನಾನು ಕಾಫಿ ಲೋಟ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಅವರು ಕನಕಪುರದಜ್ಜಿ, ಒಂದು ಊರಿನ ಹೆಸರೇ ಅವರಿಗೆ ಮುಂದೆ ಇದೆ. ನಾನು ಬರೀ ಅಜ್ಜಿ. ಈ ಮನೆಯಲ್ಲೇ ಇದ್ದೇನಲ್ಲ, ಗುರುತಿಗೆ ಊರು ಯಾಕೆ ಬೇಕು ಅಂತ ಇರಬಹುದು. ಅದು ನನಗೂ ಗೊತ್ತು. ಆದರೂ ಅವತ್ತು ಆ ಕಾಫಿಗೆ ಸಕ್ಕರೆ ಹಾಕಿದೆನೋ ಇಲ್ಲವೋ ನೆನಪಿಲ್ಲ. ಬೀಗಿತ್ತಿ ಒಂದು ಗುಟುಕು ಕುಡಿದು ಸೊಸೆಯ ಮುಖ ನೋಡಿದರು.

ಮಾರನೆಯ ದಿನ ರಜೆ ಹಾಕಿ ಮೊಮ್ಮಗಳು ಕೆಲಸಕ್ಕೆ ಕೂತಳು. ಮೊದಲು ಪ್ಲಗ್ ಕಿತ್ತಳು. ಹಳೆಯ ನಾಬ್ ಬಿಚ್ಚಿ ಪಕ್ಕಕ್ಕಿಟ್ಟಳು. ಡಬ್ಬಿಯನ್ನು ಪೆಟ್ಟಿಗೆಯ ಮೈಗೇ ಕೂರಿಸಿದರೆ ಕಾದು ಕೆಡುತ್ತದೆ ಎಂದು ಒಂದು ಹಲಗೆಗೆ ಕೂರಿಸಿ, ಹಲಗೆಯನ್ನು ಗೋಡೆಗೆ ಹೊಡೆದಳು. ಪೆಟ್ಟಿಗೆಯ ಪಕ್ಕಕ್ಕೆ ಡ್ರಿಲ್ಲಿನಿಂದ ಒಂದು ತೂತು ಕೊರೆದು, ತೂತಿಗೆ ರಬ್ಬರಿನ ಬಳೆ ಹಾಕಿ, ಆ ಉಕ್ಕಿನ ಕಡ್ಡಿಯನ್ನು ಒಳಗೆ ಬಿಟ್ಟು ಎರಡು ತಟ್ಟೆಗಳ ನಡುವೆ ತೂಗುವ ಹಾಗೆ ಕಟ್ಟಿದಳು. "ಇದು ತಗಡಿಗೆ ತಾಗಬಾರದು. ತಾಗಿದ್ರೆ ತಗಡಿನ ಬಿಸಿ ಹೇಳ್ತದೆ. ನಮಗೆ ಬೇಕಾಗಿರೋದು ಬಾಡಿನ ಸುತ್ತ ಇರೋ ಗಾಳಿ ಬಿಸಿ" ಅಂದಳು.

ನನ್ನ ಅಂಗೈ ಹಿಡಿಯುತ್ತಿದ್ದ ಜಾಗ ಅದು. ನನ್ನ ಕೈಯ ಜಾಗಕ್ಕೆ ಆ ಕಡ್ಡಿಯನ್ನು ನೇತು ಹಾಕಿದ್ದಳು.

ನಾನು ಒಂದು ಕಡೆ, ಬೀಗಿತ್ತಿ ಒಂದು ಕಡೆ ಕುಕ್ಕರಗಾಲಲ್ಲಿ ಕೂತಿದ್ದೆವು. ಅವಳು "ಸ್ಕ್ರೂ" ಅಂದರೆ ಇಬ್ಬರ ಕೈಯೂ ಮುಂದೆ. ಅವಳು "ಟೇಪು" ಅಂದರೆ ನಾನು ಕರಿ ಟೇಪು ಎತ್ತುವಷ್ಟರಲ್ಲಿ ಬೀಗಿತ್ತಿ ಹಲ್ಲಿನಲ್ಲಿ ಕಚ್ಚಿ ಹರಿದು ಅಂಟಿಸಲು ತಯಾರಾಗಿ ಹಿಡಿದಿದ್ದರು. ಅವರಿಗೆ ಇವೆಲ್ಲ ರೂಢಿ. ನನಗೆ ಕೊನೆಗೆ ಸಿಕ್ಕಿದ್ದು ಬಿಚ್ಚಿದ ಹಳೆಯ ನಾಬು ಹಿಡಿದುಕೊಂಡಿರುವ ಕೆಲಸ.

ವೈರು ಕಟ್ಟುತ್ತಾ ಮೊಮ್ಮಗಳು ಅವಳ ಮನಸ್ಸಿನಲ್ಲಿದ್ದುದನ್ನು ಹೇಳಿದಳು. ನನ್ನ ಮಗ ಕೆಂಗಲ್ ಹತ್ತಿರ ಹಳೇ ಮೈಸೂರು ರಸ್ತೆಯಲ್ಲಿ ಒಂದು ಮಿಲಿಟರಿ ಹೋಟೆಲು ಇಟ್ಟಿದ್ದಾನೆ. ಮುದ್ದೆ, ನಾಟಿಕೋಳಿ ಸಾರು, ತಲೆಕಾಲು. "ಇದು ಸರಿಯಾಗಿ ನಿಂತ್ರೆ ಪ್ರತಿ ಭಾನುವಾರ ಅಪ್ಪನ ಹೋಟ್ಲಲ್ಲಿ ಉಪ್ಪುಕಂಡ ಇಡ್ತೀನಿ. ರಸ್ತೆ ಕಡೆಗೇ ಪೆಟ್ಟಿಗೆ ಇಟ್ಟು, ಬಂದೋರ ಮುಂದೇನೇ ತೆಗೆದು ಕೊಡೋದು. ಹೊಸತೊಡಕಿಗೆ ಮನೇಲಿ ಟ್ರಯಲ್ಲು. ಆದ್ರೆ ಒಬ್ಳ ಕೈಲಾಗಲ್ಲ. ನನ್ ಜೊತೆ ಯಾರಾದ್ರೂ ಒಬ್ರು ಹಿರೀಕರು ನಿಂತ್ಕೋಬೇಕು."

ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಎದುರಿಗೆ ನೋಡಿದರೆ ಬೀಗಿತ್ತಿಯ ಬೆನ್ನೂ ನೆಟ್ಟಗಾಗಿತ್ತು.

"ಭಾನ್ವಾರ ನಂಗೆ ಬಿಡುವೇ ಕಣವ್ವ," ಅಂದರು ಬೀಗಿತ್ತಿ. "ಕನಕಪುರದಿಂದ ಎಷ್ಟು ದೂರ, ಬೆಳಿಗ್ಗೆ ಬಸ್ಸಿಗೆ ಬಂದ್ಬುಡ್ತೀನಿ."

"ಬಸ್ಸಿಳಿಯೋ ಅಷ್ಟರಲ್ಲಿ ಬಾಡು ಖಾಲಿಯಾಗಿರ್ತದೆ ಬುಡಿ" ಅಂದೆ ನಾನು.

ಮೊಮ್ಮಗಳು ತಲೆಯೆತ್ತಲಿಲ್ಲ. "ಟ್ರಯಲ್ ಆಗ್ಲಿ, ನೋಡಾವ" ಅಂದಳು.

ಅಲ್ಲಿಂದ ಹೊಸತೊಡಕಿನ ತನಕ ನನಗೆ ನಿದ್ದೆಯಿಲ್ಲ. ನನಗೆ ಆ ಭಾನುವಾರ ಬೇಕಿತ್ತು. ಅವಳ ಪಕ್ಕದಲ್ಲಿ, ರಸ್ತೆಯಲ್ಲಿ ಹೋಗುವವರೆಲ್ಲ ನೋಡುವ ಹಾಗೆ, ಹೊಗೆಯ ಮುಂದೆ ನಿಂತುಕೊಳ್ಳಬೇಕಿತ್ತು. ಹೇಳಿ ಕೇಳಿ ಆ ಕಲೆ ನನ್ನದು. ಆದರೆ ಪೆಟ್ಟಿಗೆಗೆ ಜೀವ ಕೊಟ್ಟ ಡಬ್ಬಿ ಅವರದು.

ಹೊಸತೊಡಕು ಅಂದರೆ ಯುಗಾದಿಯ ಮಾರನೆಯ ದಿನ. ಹಿಂದಿನ ದಿನ ಹೋಳಿಗೆ ತಿಂದ ಬಾಯಿಗೆ ಅವತ್ತು ಬಾಡು ಬೀಳಲೇಬೇಕು. ನಮ್ಮ ಬೀದಿಯವರು ಸೇರಿ ಮರಿ ತಂದು ಕುಯ್ದು, ಬಾಳೆಲೆಯ ಮೇಲೆ ಸಮ ಸಮ ಗುಡ್ಡೆ ಹಾಕಿ ಹಂಚಿಕೊಳ್ಳುತ್ತೇವೆ. ಗುಡ್ಡೆ ಬಾಡು. ಬೆಳಕು ಹರಿಯುವಷ್ಟರಲ್ಲಿ ನಮ್ಮ ಯಜಮಾನರು ನಮ್ಮ ಪಾಲು ತಂದರು. ಅರ್ಧ ಸಾರಿಗೆ, ಅರ್ಧ ಪೆಟ್ಟಿಗೆಗೆ. ನಾನೇ ಸೀಳಿದೆ, ನಾನೇ ಉಪ್ಪು ತಿಕ್ಕಿದೆ. ಬೀಗಿತ್ತಿ ಅರಿಶಿನದ ಡಬ್ಬ ಹಿಡಿದು ಬಂದಾಗ "ಆಗೋಯ್ತು, ಹಾಕ್ಬುಟ್ಟೆ" ಅಂದೆ. ಆಮೇಲೆ ಅವರು ಆ ಕಡೆ ಹೋದ ಮೇಲೆ ಹಾಕಿದೆ.

ಹೊಗೆಗೆ ನಮ್ಮ ಹೊಲದ ಹಿಪ್ಪುನೇರಳೆ ಕಡ್ಡಿಯ ಚೂರು. ಚನ್ನಪಟ್ಟಣದ ಬೊಂಬೆ ಮಾಡುವವರ ಹತ್ತಿರ ಮರದ ಹೊಟ್ಟು ಬೇಕಾದಷ್ಟು ಸಿಗುತ್ತದೆ. ಆದರೆ ಅದರಲ್ಲಿ ಬಣ್ಣದ ಅರಗು ಬೆರೆತಿದ್ದರೆ ಕಷ್ಟ ಎಂದು ಮೊಮ್ಮಗಳು ಬೇಡವೆಂದಿದ್ದಳು.

"ಎಷ್ಟಕ್ಕೆ ಇಡ್ಲಿ?" ಎಂದು ಅವಳು ಡಬ್ಬಿಯ ಮುಂದೆ ಬೆರಳು ಹಿಡಿದು ಕೇಳಿದಳು.

"ನಮ್ಮ ಹುಳಕ್ಕೆ ಇಪ್ಪತ್ತೇಳು, ಇಪ್ಪತ್ತೆಂಟು" ಅಂದರು ಬೀಗಿತ್ತಿ ತಟ್ಟನೆ. "ಬಾಡಿಗೆ ಎಷ್ಟೋ ನಿಮ್ಮಜ್ಜೀನ ಕೇಳು."

ನನ್ನ ಹತ್ತಿರ ಅಂಕಿಯಿರಲಿಲ್ಲ. ಇಷ್ಟು ವರ್ಷ ಮಾಡಿದ್ದೇನೆ, ಎಷ್ಟು ಬಿಸಿ ಅಂದರೆ ಹೇಳಲು ಒಂದು ಅಂಕಿ ಇಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬೀಗಿತ್ತಿಯೂ ಅಷ್ಟೇ ಓದಿದವರು. ಆದರೆ ಹುಳ ಅವರಿಗೆ ಅಂಕಿ ಕಲಿಸಿತ್ತು, ಒಲೆ ನನಗೆ ಕಲಿಸಿರಲಿಲ್ಲ. ಅವತ್ತು ನನ್ನ ಒಲೆಯ ಮೇಲೂ ಸಿಟ್ಟು ಬಂತು.

ಮೊಮ್ಮಗಳು ಫೋನಿನಲ್ಲಿ ನೋಡಿ ಎಂಬತ್ತಕ್ಕೆ ಇಟ್ಟಳು. ಟಕ್ ಎಂದು ಒಂದು ಸದ್ದಾಯಿತು, ಹಸಿರು ದೀಪ ಹತ್ತಿತು, ಕಾಯಿಲು ಕೆಂಪಾಯಿತು. ಅಂಕಿ ಮೂವತ್ತೈದು, ಮೂವತ್ತಾರು ಎಂದು ಏರತೊಡಗಿತು. "ಎಂಬತ್ತಾದ ಮೇಲೆ ಹಸಿರು ದೀಪ ಆರಿ ಮತ್ತೆ ಟಕ್ ಅನ್ನಬೇಕು. ಅಪ್ಪನ ಹೋಟ್ಲಲ್ಲಿ ಇವತ್ತು ಜನ ಜಾಸ್ತಿ, ಒಸಿ ಹೊತ್ತು ನೋಡ್ಕೊಂಡು ಬತ್ತೀನಿ. ಇಬ್ರೂ ಇಲ್ಲೇ ಇರಿ, ಜಗಳ ಆಡ್ಬೇಡಿ" ಎಂದು ಸ್ಕೂಟರ್ ಏರಿ ಹೊರಟುಹೋದಳು.

ನಾನು ಚಟ್ನಿಗೆ ಕಾಯಿ ಒಡೆಯಲು ಒಳಗೆ ಹೋದೆ. ಬಂದು ನೋಡಿದರೆ ಬೀಗಿತ್ತಿ ಪೆಟ್ಟಿಗೆಯ ಬಾಗಿಲು ಮುಚ್ಚಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದರು. ಏನು ಎಂದು ನಾನು ಕೇಳಲಿಲ್ಲ. ಅವರನ್ನು ಕೇಳುವುದೇನು ಅನ್ನುವ ಬಿಗುಮಾನ.

ಇಬ್ಬರೂ ಅಂಕಿ ನೋಡುತ್ತ ಕೂತೆವು. ನಲವತ್ತೆಂಟು. ನಲವತ್ತೊಂಬತ್ತು. ಮತ್ತೆ ನಲವತ್ತೆಂಟು. ಅಲ್ಲೇ ನಿಂತಿತು. ಹಸಿರು ದೀಪ ಆರಲಿಲ್ಲ. ಹೊಗೆ ಮೊದಲು ಬೆಳ್ಳಗೆ, ತೆಳ್ಳಗೆ ಬರುತ್ತಿದ್ದುದು ದಪ್ಪವಾಗಿ ಹಳದಿಗೆ ತಿರುಗಿತು. ಕೊಬ್ಬು ಸುರಿದು ಚರ್ ಅನ್ನುವ ಸದ್ದು. ನಾನು ಪೆಟ್ಟಿಗೆಯ ಮೈಗೆ ಕೈ ಒಡ್ಡಿದೆ. ಮುಟ್ಟುವ ಮುಂಚೆಯೇ ಕೈ ಬೆಚ್ಚಿ ಹಿಂದಕ್ಕೆ ಬಂತು.

"ಜಾಸ್ತಿಯಾಯ್ತು" ಅಂದೆ.

"ಎಲ್ಲಿ ಜಾಸ್ತಿ? ನಲವತ್ತೆಂಟು ಅಂತ ಬರ್ಕೊಂಡದಲ್ಲಕ್ಕ. ಇನ್ನೂ ಎಂಬತ್ತು ಆಗ್ಬೇಕು."

"ಅದು ಏನಾರ ಬರ್ಕೊಳ್ಳಿ. ನನ್ ಕೈಗೆ ಚುರ್ ಅಂತೈತೆ."

"ನಿಮ್ ಕೈಗೆ ನಾನು ಬಂದಾಗಿಂದ್ಲೂ ಚುರ್ ಅಂತಾನೇ ಐತೆ, ಬುಡಿ" ಅಂದರು ಬೀಗಿತ್ತಿ. "ನನ್ ಮಿಷಿನ್ನು ಒಂದು ದಿನಾನೂ ಸುಳ್ ಹೇಳಿಲ್ಲ. ಲಕ್ಷಾಂತರ ಹುಳ ಸಾಕೈತೆ."

ಜಗಲಿಯಿಂದ ಯಜಮಾನರು, "ಏನಮ್ಮಿ, ಬೀಗಿತ್ತೇರು ಹೇಳಿದ್ ಮ್ಯಾಲೆ ಸರೀನೇ ಇರ್ತದೆ. ಡಬ್ಬಿ ಮ್ಯಾಲೆ ಯಾಕ್ ಹೊಟ್ಟೆ ಉರ್ಕೊಂಡಿಯೇ?" ಅಂತ ಕೂಗಿದರು.

ಆಗ ನನ್ನೊಳಗೆ ಎರಡು ಮನಸ್ಸಾಯಿತು. ಸುಡಲಿ, ಪೂರ್ತಿ ಸುಟ್ಟು ಕರಕಾಗಲಿ, ಅವರ ಡಬ್ಬಿಯ ಬಂಡವಾಳ ಮೊಮ್ಮಗಳಿಗೆ ತಿಳಿಯಲಿ ಅಂತ ಒಂದು ಮನಸ್ಸು. ಆದರೆ ಒಳಗೆ ಇದ್ದದ್ದು ಅವಳ ಬಾಡು, ಅವಳ ಭಾನುವಾರ. ಅದು ಸುಟ್ಟರೆ ಬೀಗಿತ್ತಿಗೂ ಇಲ್ಲ, ನನಗೂ ಇಲ್ಲ. ಫೋನಿನಲ್ಲಿ ಅವಳ ಫೋಟೋ ಒತ್ತಿದೆ. ನಾನು ಹೇಳಿದ್ದು ಇಷ್ಟೇ: "ಮಗಾ, ಅಂಕಿ ನಲವತ್ತೆಂಟು ಅಂತದೆ, ಪೆಟ್ಗೆ ನೂರೈವತ್ತು ಅಂತದೆ."

"ಪ್ಲಗ್ ಕಿತ್ತಾಕು ಅಜ್ಜಿ. ಬಂದೆ" ಅಂದಳು.

ಬಂದವಳು ಬಟ್ಟೆ ಹಿಡಿದು ಬಾಗಿಲು ತೆಗೆದು ಬಗ್ಗಿ ನೋಡಿದಳು. ಆಮೇಲೆ ನೆಲದ ಮೇಲೆ ಕೂತುಕೊಂಡು ನಗಲು ಶುರುಮಾಡಿದಳು. ಆ ಉಕ್ಕಿನ ಕಡ್ಡಿಗೆ ಬಿಳಿಯ ಬಟ್ಟೆಯ ಬತ್ತಿಯೊಂದನ್ನು ನೀಟಾಗಿ ಸುತ್ತಿತ್ತು. ಬತ್ತಿಯ ಬಾಲ ಕೆಳಗಿನ ತಟ್ಟೆಯಲ್ಲಿಟ್ಟ ಒಂದು ಪುಟ್ಟ ಸ್ಟೀಲ್ ಲೋಟದ ನೀರಿನಲ್ಲಿ ಮುಳುಗಿತ್ತು.

"ಇದ್ಯಾರು ಸುತ್ತಿದ್ದು?"

"ನಾನೇ ಕಣವ್ವ," ಅಂದರು ಬೀಗಿತ್ತಿ. "ಕಡ್ಡಿ ಬರಿಮೈಲಿ ಇತ್ತು. ಹುಳದ ಮನೇಲಿ ಬಿಸಿ ನೋಡೋ ಎರಡು ಗಾಜಿನ ಕಡ್ಡಿ ತೂಗಾಕಿರ್ತೀವಲ್ಲ, ಒಂದಕ್ಕೆ ಒದ್ದೆ ಬತ್ತಿ ಸುತ್ತಬೇಕು. ಬೆಳಿಗ್ಗೆದ್ರೆ ಮೊದಲ್ನೇ ಕೆಲ್ಸ ಅದೇ. ಬತ್ತಿ ಒಣಗಿದ್ರೆ ಪಾಪ ಹತ್ತುತ್ತೆ ಅಂತ ನಮ್ಮತ್ತೆ ಅಂತಿದ್ರು. ನೀನು ಮರ್ತಿದ್ದೀಯ ಅಂದ್ಕೊಂಡೆ."

"ಅದು ಗಾಳೀಲಿ ತೇವ ಎಷ್ಟೈತೆ ಅಂತ ನೋಡಕ್ಕೆ ಕನಕಪುರದಜ್ಜಿ. ಇಲ್ಲಿ ಒದ್ದೆ ಬಟ್ಟೆ ಕಡ್ಡೀನ ತಣ್ಣಗೆ ಮಾಡ್ಬುಡ್ತು. ಅದು ಪಾಪ, ಇನ್ನೂ ಚಳಿ ಐತೆ ಅಂದ್ಕೊಂಡು ಬೆಂಕಿ ಹಾಕ್ತಾನೇ ಇತ್ತು."

ನಮ್ಮ ಯಜಮಾನರು ಜಗಲಿಯಿಂದಿಳಿದು ಬಂದು ನೋಡಿ, "ಜ್ವರ ಬಂದೋರ ಹಣೆಗೆ ಹಾಕ್ದಂಗೆ ಹಾಕವ್ರಲ್ಲ!" ಅಂದರು. ಬೀಗಿತ್ತಿಯ ಮುಖ ಇಷ್ಟು ಸಣ್ಣಗಾಯಿತು. ನನಗೆ ಸಂತೋಷವಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ಆ ಬತ್ತಿಯನ್ನು ನೋಡಿದೆ. ಮಡಿಕೆ ಮಡಿಕೆಯಾಗಿ, ಎಳೆ ಕೂಸಿನ ಹೊಕ್ಕುಳಿಗೆ ಬಟ್ಟೆ ಸುತ್ತಿದ ಹಾಗೆ ಸುತ್ತಿದ್ದರು. ನನ್ನ ಕೈ ಉಪ್ಪು ತಿಕ್ಕುವಾಗ ಹೇಗೆ ತಾನಾಗಿ ಓಡುತ್ತದೋ ಅವರ ಕೈಯೂ ಹಾಗೇ ಓಡಿತ್ತು. ಅದು ತಿಳಿದದ್ದು ನನಗೆ ಅಷ್ಟೇನೂ ಇಷ್ಟವಾಗಲಿಲ್ಲ. ಬರೀ ಸಂತೋಷ ಪಟ್ಟುಕೊಂಡಿದ್ದರೆ ಸುಲಭವಾಗಿರುತ್ತಿತ್ತು.

ಕೆಳಗಿನ ತಟ್ಟೆ ಕರಕಾಗಿತ್ತು, ನಾಯಿಗೆ ಹೋಯಿತು. ಮೇಲಿನ ತಟ್ಟೆಗಳದ್ದು ಅಂಚು ಮಾತ್ರ ಬಿರುಸಾಗಿತ್ತು. ಅಷ್ಟನ್ನು ಉಳಿಸಿಕೊಂಡು, ಪೆಟ್ಟಿಗೆ ತಣ್ಣಗಾದ ಮೇಲೆ ಮೊಮ್ಮಗಳು ಬತ್ತಿ ಬಿಚ್ಚಿ, ಲೋಟ ಹೊರಗಿಟ್ಟು ಮತ್ತೆ ಪ್ಲಗ್ ಹಾಕಿದಳು. ಈ ಸಲ ಫೋನು ತೆಗೆಯಲಿಲ್ಲ.

"ಅಜ್ಜಿ, ಬಾ ಇಲ್ಲಿ. ಒಲೆ ಮೇಲೆ ಹೆಂಗೆ ಕೈ ಹಿಡೀತಿದ್ದೆ, ಹಂಗೇ ಇದರೊಳಗೆ ಹಿಡಿ. ಅಂಕಿ ನೋಡ್ಬೇಡ. ಸಾಕು ಅನ್ನಿಸ್ದಾಗ ಹೇಳು."

ನಾನು ಸೀರೆ ಸಿಗಿಸಿಕೊಂಡು ಹೋಗಿ ನಿಂತೆ. ಬಾಗಿಲು ಸ್ವಲ್ಪವೇ ತೆರೆದು, ಸಂದಿಯಲ್ಲಿ ಬಿಸಿ ಹೋಗದ ಹಾಗೆ ಬಟ್ಟೆ ಒತ್ತಿ, ನನ್ನ ಕೈ ಒಳಗೆ ಬಿಟ್ಟಳು. ಹಳೆಯ ಒಲೆಯ ಮುಂದಿನ ಹಾಗೆ ಅಂಗೈಗೆ ಹೊಗೆ ತಾಗಿತು. ಒಂದು ಉಸಿರು ಮುಗಿಯುವುದಕ್ಕೂ ಕಾಯದೆ, "ಸಾಕು" ಅಂದೆ.

"ಅರವತ್ತಾರು" ಅಂದಳು.

ಮತ್ತೊಂದು ಸಲ ಅಂದಳು. ಹಿಡಿದೆ. ಬೀಗಿತ್ತಿ ಹತ್ತಿರ ಬಂದು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ನಾನು ಹಲ್ಲು ಕಚ್ಚಿಕೊಂಡು ನಿಂತೆ. "ಸಾಕು!"

"ಎಪ್ಪತ್ತೇಳು."

"ನೋಡವ್ವ, ನಿಮ್ಮಜ್ಜಿ ಕೈಯೂ ಆ ಹಳೇ ನಾಬಿನಂಗೇ ಐತೆ," ಅಂದರು ಬೀಗಿತ್ತಿ. "ಒಂದ್ ಸಲ ಕಮ್ಮಿ, ಒಂದ್ ಸಲ ಜೋರು."

ಯಜಮಾನರು ನಕ್ಕರು, ಸೊಸೆ ಅಡುಗೆಮನೆಯ ಕಿಟಕಿಯಲ್ಲಿ ನಕ್ಕಳು. ನನಗೂ ನಗು ಬಂದುಬಿಟ್ಟಿತು. ಆ ನಗುವಿನಲ್ಲಿ ಭುಜ ಸಡಿಲವಾಯಿತು. ಮೂರನೆಯ ಸಲ ಹಿಡಿದಾಗ ಎಂಬತ್ತನ್ನೂ ಬೀಗಿತ್ತಿಯನ್ನೂ ಮರೆತಿದ್ದೆ. ಬಿದಿರಿನ ಗಳ ಕಾಣುತ್ತಿತ್ತು. ಕೈ ಬೆಚ್ಚಲಿಲ್ಲ, ಕೂರಲೂ ಇಲ್ಲ, ತಾನಾಗಿ ಹಿಂದಕ್ಕೆ ಬಂತು.

"ಎಪ್ಪತ್ತೆರಡು" ಎಂದು ಮೊಮ್ಮಗಳು ಗುಂಡಿ ಒತ್ತಿದಳು.

"ಅದೇ ಯಾಕವ್ವ? ಮೂರ್ ಸಲ ಮೂರು ಬಂತಲ್ಲ" ಅಂದರು ಬೀಗಿತ್ತಿ.

"ಮೊದಲ್ನೇ ಸಲ ಹೆದರಿದ್ಲು. ಎರಡ್ನೇ ಸಲ ನೀನು ನೋಡ್ತಾ ಇದ್ದೀಯ ಅಂತ ಹಠಕ್ಕೆ ಇಟ್ಕೊಂಡಿದ್ಲು. ಮೂರನೇದೇ ನಮ್ಮಜ್ಜೀದು" ಅಂದಳು.

ನಮ್ಮಜ್ಜೀದು! ಊರಿನ ಹೆಸರಿಲ್ಲದ ಅಜ್ಜಿಗೆ ಅವತ್ತು ಒಂದು ಅಂಕಿಯ ಹೆಸರು ಬಂತು.

ಆಮೇಲೆ ಮಾಡಲು ಏನೂ ಇರಲಿಲ್ಲ. ಅದೇ ಕಷ್ಟ. ಎಪ್ಪತ್ತೆರಡಾದರೆ ಟಕ್, ದೀಪ ಆರುತ್ತದೆ. ಎಪ್ಪತ್ತಕ್ಕೆ ಇಳಿದರೆ ಟಕ್, ದೀಪ ಹತ್ತುತ್ತದೆ. ನಾನು ಬೆಳಗಿನಿಂದ ಬೈಗಿನವರೆಗೆ ಕೂತು, ಎದ್ದು, ಸೌದೆ ಎಳೆದು, ತಳ್ಳಿ, ಕಣ್ಣಲ್ಲಿ ನೀರು ಸುರಿಸಿ ಮಾಡುತ್ತಿದ್ದುದನ್ನು ಅದು ಕಣ್ಣು ಮಿಟುಕಿಸಿಕೊಂಡು ಮಾಡುತ್ತಿತ್ತು. ಅದರ ಎದುರಿಗೆ ಮಣೆ ಹಾಕಿಕೊಂಡು ಕೂತೆ. ಒಂದು ಸಲವಾದರೂ ತಪ್ಪಲಿ ಎಂದು ನೋಡಿದೆ. ತಪ್ಪಲಿಲ್ಲ. ನನ್ನದೇ ಅಂಕಿ ಹಿಡಿದುಕೊಂಡು ನನಗಿಂತ ಚೆನ್ನಾಗಿ ನಿಂತಿತ್ತು. ಮಗನಿಗೆ ಮದುವೆ ಮಾಡಿ, ಸೊಸೆ ನನ್ನ ಸಾರನ್ನೇ ನನಗಿಂತ ಚೆನ್ನಾಗಿ ಮಾಡಿದ ದಿನ ಹೀಗೇ ಆಗಿತ್ತು. ಸ್ವಲ್ಪ ಹೊತ್ತಿಗೆ ಬೀಗಿತ್ತಿಯೂ ಒಂದು ಮಣೆ ತಂದು ಪಕ್ಕದಲ್ಲಿ ಹಾಕಿಕೊಂಡರು.

"ನಾನೂ ಮೊದಮೊದಲು ಇದನ್ನ ಹಿಂಗೇ ನೋಡ್ತಾ ಕೂರ್ತಿದ್ದೆ ಕಣಕ್ಕ," ಅಂದರು. "ಮೊದ್ಲೆಲ್ಲ ಹುಳಕ್ಕೆ ಚಳಿಯಾದ್ರೆ ನಂಗೇ ಎಚ್ಚರಾಗೋದು. ಇದು ಬಂದ್ ಮ್ಯಾಲೆ ಎಚ್ಚರಾನೇ ಆಗಕ್ಕಿಲ್ಲ."

"ಮತ್ತೆ ಒಳ್ಳೇದೇ ಆಯ್ತಲ್ಲ."

"ಒಳ್ಳೇದೇ" ಅಂದರು. ಇಬ್ಬರೂ ಅದರ ಟಕ್ ಕೇಳುತ್ತ ಕೂತೆವು.

ಸಂಜೆ ಮಗ ಹೋಟೆಲು ಬೇಗ ಮುಚ್ಚಿ ಬಂದ. ನಡುಮನೆಯಲ್ಲಿ ಚಾಪೆ ಹಾಸಿ, ಎಲ್ಲರಿಗೂ ಎಲೆ ಹಾಕಿ, ಸೊಸೆ ಮುದ್ದೆ ಇಟ್ಟು ಸಾರು ಬಿಟ್ಟಳು. ಮೊಮ್ಮಗಳು ಪೆಟ್ಟಿಗೆಯಿಂದ ತಟ್ಟೆ ತಂದಳು. ಬಾಡು ಜೇನಿನ ಬಣ್ಣಕ್ಕೆ ತಿರುಗಿತ್ತು. ನಾನು ಕೆಂಡದ ಮೇಲೆ ಒಮ್ಮೆ ತೋರಿಸಿ, ಜಜ್ಜಿ, ಈರುಳ್ಳಿ ಹಸಿಮೆಣಸಿನಕಾಯಿ ಹಾಕಿ ಕಲಸಿದ್ದೆ. ಮಗ ಮೊದಲ ತುಂಡು ಬಾಯಿಗಿಟ್ಟುಕೊಂಡು ಅಗಿಯುವುದನ್ನು ನಿಲ್ಲಿಸಿದ.

"ಅವ್ವಾ, ಇದು ಹಳೇ ಮನೇದು" ಅಂದ. ಅಷ್ಟೇ ಅಂದ. ಆಮೇಲೆ ತಲೆ ತಗ್ಗಿಸಿಕೊಂಡು ತಿಂದ.

ಮೊಮ್ಮಗಳು ಬೆರಳು ನೆಕ್ಕುತ್ತಾ, "ಅಜ್ಜಿ, ಭಾನುವಾರ ಬೆಳಿಗ್ಗೆ ಬೇಗ ರೆಡಿಯಾಗಿರು. ಸ್ಕೂಟರ್ ಹಿಂದೆ ಭದ್ರವಾಗಿ ಕೂತ್ಕೊಳಕ್ಕೆ ಬತ್ತದಾ?" ಎಂದಳು.

ನಾನು ಬಾಯಿ ತೆರೆಯುವುದಕ್ಕೆ ಮುಂಚೆ ಯಜಮಾನರು, "ಅವಳು ಸ್ಕೂಟರ್ ಮುಂದಾನೇ ಓಡ್ತಾಳೆ ಬುಡವ್ವ" ಅಂದರು. ಎಲ್ಲರೂ ನಕ್ಕರು. ಬೀಗಿತ್ತಿಯೂ ನಕ್ಕರು. ಆದರೆ ನಗುತ್ತಲೇ ಎಲೆಯ ಅಂಚಿನ ಉಪ್ಪನ್ನು ಬೆರಳಿನಲ್ಲಿ ಆ ಕಡೆ ಈ ಕಡೆ ಸರಿಸುತ್ತಿದ್ದರು. ಅದನ್ನು ನಾನು ನೋಡಿದೆ. ಹೊಟ್ಟೆಕಿಚ್ಚು ಇದ್ದವರ ಕಣ್ಣಿಗೆ ಇಂಥವೆಲ್ಲ ಬೇಗ ಬೀಳುತ್ತವೆ.

"ಬೀಗಿತ್ತೇರೆ," ಅಂದೆ, "ಈ ಡಬ್ಬಿ ಕೆಟ್ರೆ ನಂಗೇನು ಗೊತ್ತಾಯ್ತದೆ? ತಿಂಗಳಿಗೊಂದು ಭಾನ್ವಾರ ನೀವೂ ಬನ್ನಿ."

"ಒಂದೇನಾ?" ಅಂದರು ಅವರು.

"ಸದ್ಯಕ್ಕೆ ಒಂದು."

ಮೊಮ್ಮಗಳು ತಟ್ಟೆಯಲ್ಲಿ ಉಳಿದದ್ದನ್ನು ನನ್ನ ಮುಂದೆ ತಳ್ಳಿ, ನೀನೇ ಬಡಿಸು ಎಂದಳು. ಮಗನಿಗೆ, ಸೊಸೆಗೆ, ಯಜಮಾನರಿಗೆ, ಮೊಮ್ಮಗಳಿಗೆ ಹಾಕಿದೆ. ಬೀಗಿತ್ತಿಯ ಎಲೆಗೆ ಎರಡು ಒಳ್ಳೆಯ ತುಂಡು ಹಾಕಿದೆ, ಬೇಡ ಬೇಡ ಅಂದರೂ ಇನ್ನೊಂದು ಹಾಕಿದೆ. ಹೊಗೆ ಚೆನ್ನಾಗಿ ಹಿಡಿದು ಅಂಚು ಗರಿಗರಿಯಾಗಿದ್ದ ತುದಿಯ ತುಂಡನ್ನು ಮಾತ್ರ ನನ್ನ ಎಲೆಗೇ ಇಟ್ಟುಕೊಂಡೆ.